ನನ್ನ ಜ್ವರ, ತಮ್ಮನ ಸಕ್ಕರೆ

ಹೋದ ಮಳೆಗಾಲದಲ್ಲಿ ನಮ್ಮ ನ್ಯೂ ಟೌನ್ ಮನೆಯಲ್ಲಿ ಮೊದಲು ಜ್ವರ ಬಂದದ್ದು ನನಗೆ. ನಾಲ್ಕನೇ ದಿನ, ಒಂದೇ ಚಾಪೆಯಲ್ಲಿ ನನ್ನ ಪಕ್ಕ ಮಲಗುವ ಒಂಬತ್ತು ವರ್ಷದ ತಮ್ಮನಿಗೂ ಬಂತು. ಇಬ್ಬರದ್ದೂ ಬಿಟ್ಟಿತು. ಆದರೆ ಅವನು ಮೊದಲಿನಂತಾಗಲಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದ, ಎಷ್ಟು ನೀರು ಕುಡಿದರೂ ದಾಹ. ಶಾಲೆಯ ಚಡ್ಡಿ ಸೊಂಟದಿಂದ ಜಾರತೊಡಗಿತು. ಒಂದು ಕ್ಲಿನಿಕ್‌ನಲ್ಲಿ ಜ್ವರದ ಸುಸ್ತು ಎಂದು ಟಾನಿಕ್ ಬರೆದುಕೊಟ್ಟರು. ಒಂದು ಬೆಳಿಗ್ಗೆ ವಾಂತಿ, ಏದುಸಿರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ರಕ್ತದ ಸಕ್ಕರೆ 512.

"ಮಿಠಾಯಿ ಕೊಟ್ಟು ಕೊಟ್ಟು ಹೀಗಾಯ್ತು" ಎಂದು ದಾದಿ ಅಮ್ಮಿಯನ್ನು ಬೈದರು. ಅಮ್ಮಿ ಸುಮ್ಮನೆ ಅಳುತ್ತಿದ್ದರು. ಟೈಪ್ ಒನ್ ಮಿಠಾಯಿಯಿಂದ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದರೂ ನಾನು ಬಾಯಿ ಬಿಡಲಿಲ್ಲ. ಏಕೆಂದರೆ ಅವರು ಮೊದಲು ಕೇಳಿದ್ದೇ, "ಇತ್ತೀಚೆಗೆ ಜ್ವರ ಬಂದಿತ್ತಾ?"

ಹತ್ತು ದಿನ ನಿದ್ದೆ ಬರಲಿಲ್ಲ. ಕೊನೆಗೆ ಡಾಕ್ಟರನ್ನೇ ಕೇಳಿದೆ, ಆಮೇಲೆ ಓದಿದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಮ್ಮದೇ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಪ್ಪಾಗಿ ತಿಳಿದು ಕೊಲ್ಲುತ್ತದೆ. ಕಾಕ್ಸಾಕಿ ಬಿ ಥರದ ಎಂಟರೋವೈರಸ್‌ಗಳು ಇದಕ್ಕೆ ಕಿಡಿ ಹಚ್ಚಬಹುದೆಂಬ ಅನುಮಾನ ಹಳೆಯದು. ಅಮೆರಿಕ, ಯುರೋಪಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸಿದ ಟೆಡ್ಡಿ ಅಧ್ಯಯನ 2019ರಲ್ಲಿ ಹೇಳಿದ್ದು, ಬಂದು ಹೋಗುವ ಸೋಂಕಿಗಿಂತ ದೇಹದಲ್ಲಿ ಬಹುಕಾಲ ಉಳಿಯುವ ಎಂಟರೋವೈರಸ್‌ಗೇ ಹೆಚ್ಚು ನಂಟಿದೆ ಎಂದು. ಆದರೂ ವೈರಸ್ ತಗುಲಿದ ಬಹುಪಾಲು ಮಕ್ಕಳಿಗೆ ಮಧುಮೇಹ ಬರುವುದಿಲ್ಲ; ವಂಶವಾಹಿಯ ಪಾತ್ರವೂ ಇದೆ. ಕರ್ನಾಟಕದ ಮಧುಮೇಹ ನೋಂದಣಿಯ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದು ಬರುತ್ತದೆ.

ಕೋಶಗಳ ನಾಶ ತಿಂಗಳು, ವರ್ಷಗಳ ಹಿಂದೆಯೇ ಶುರುವಾಗಿರುತ್ತದಂತೆ. ಕಾಮರ್ಸ್‌ನವನಿಗೆ ಇದು ಬೇಗ ಅರ್ಥವಾಯಿತು: ನಷ್ಟ ವರ್ಷವಿಡೀ ಆಗುತ್ತಿರುತ್ತದೆ, ಲೆಕ್ಕ ಮುಗಿಸುವ ಮಾರ್ಚ್ 31ಕ್ಕೆ ಕಾಣುತ್ತದೆ. "ನಿನ್ನ ಜ್ವರ ಕೊನೆಯ ನೂಕು ಆಗಿರಬಹುದು, ಅದೂ ಖಚಿತವಿಲ್ಲ" ಎಂದರು ಡಾಕ್ಟರ್. ಆ "ಆಗಿರಬಹುದು" ಈಗಲೂ ಚುಚ್ಚುತ್ತದೆ, ಸುಳ್ಳು ಹೇಳಲಾರೆ.

ಅಂದು ರಾತ್ರಿ ಅಮ್ಮಿಗೆ ಎಲ್ಲ ಹೇಳಿದೆ. ಅವರು ನನ್ನ ತಲೆ ಸವರಿ, "ಹಾಗಾದರೆ ನಿನಗೆ ಜ್ವರ ಕೊಟ್ಟವರು ಯಾರು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೆಳೆಯರೇ, ನಿಮ್ಮ ಮನೆಯ ಮಗು ವಿಪರೀತ ನೀರು ಕುಡಿದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಿ, ಸಣ್ಣಗಾಗುತ್ತಿದ್ದರೆ ಟಾನಿಕ್ ಬೇಡ. ಅಂದೇ ಬೆರಳು ಚುಚ್ಚಿ ಸಕ್ಕರೆ ನೋಡಿಸಿ.

ಈಗ ಬೆಳಗಿನ ಇನ್ಸುಲಿನ್ ಹಾಕುವುದು ನಾನೇ. ಅಂಗಿ ಎತ್ತಿ ಹೊಟ್ಟೆ ಮುಂದೆ ಮಾಡುತ್ತಾನೆ. "ಭಾಯ್, ಜಲ್ದಿ, ಬಸ್ ಹೋಗುತ್ತೆ."