ಗಬ್ಬರ್ ಗುಡ್ಡದಲ್ಲಿ ಕಾಲ್‌ಷೀಟ್ ಕೊಡದ ಹೀರೋ!

‘ಶೋಲೆ’ ನೋಡದವರು ಕೈ ಎತ್ತಿ!

ಯಾರೂ ಎತ್ತಲಿಲ್ಲ. ಗೊತ್ತಿತ್ತು. ಸರಿ, ಇನ್ನೊಂದು ಪ್ರಶ್ನೆ. ಆ ಗಬ್ಬರ್‌ಸಿಂಗನ ಬಂಡೆಗಳ ಮೇಲೆ ರಣಹದ್ದು ಹಾರುವುದನ್ನು ಕಣ್ಣಾರೆ ಕಂಡವರು ಕೈ ಎತ್ತಿ.

ಈಗಲೂ ಯಾರೂ ಎತ್ತಲಿಲ್ಲ, ಅಲ್ಲವೇ? ಈ ಜನವರಿಯವರೆಗೆ ನಾನೂ ನಿಮ್ಮ ಗುಂಪಿನವನೇ.

ಇದಕ್ಕೆಲ್ಲ ಕಾರಣ ಅಪ್ಪು. 2022ರಲ್ಲಿ ಅವರ ‘ಗಂಧದ ಗುಡಿ’ ನೋಡಿ ಥಿಯೇಟರಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬಂದ ಮೇಲೆ ನಮ್ಮ ಗುಂಪಿಗೆ ಒಂದು ಹುಚ್ಚು ಹಿಡಿಯಿತು. ಕಾಡು, ಮೃಗ, ಪಕ್ಷಿ, ಫೋಟೋ! ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬನಿದ್ದಾನೆ, ಅವನಿಗೆ ನಾವಿಟ್ಟ ಹೆಸರು ‘ಸ್ಟುಡಿಯೋ’. ಆಟೋ ಓಡಿಸುವ ಇನ್ನೊಬ್ಬ ಅಮ್ಜದ್ ಖಾನ್ ದನಿಯಲ್ಲೇ ಪ್ಯಾಸೆಂಜರ್ ಹತ್ತಿರ ಚಿಲ್ಲರೆ ಕೇಳುವವನು, ಅವನು ‘ಗಬ್ಬರ್’. ಮೂರನೆಯವನು ಬಿ.ಎಸ್‌ಸಿ. ಮುಗಿಸಿ ಟ್ಯೂಷನ್ ಹೇಳುವ ‘ಮೇಷ್ಟ್ರು’. ನಾಲ್ಕನೆಯವನು ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಪೆನ್ನು ಹಿಡಿದ ನಿಮ್ಮ ಸೇವಕ.

‘ರಾಮನಗರಕ್ಕೆ ಹೋಗೋಣ್ರೋ, ರಣಹದ್ದು ಹೊಡೆಯೋಣ’ ಅಂದ ಸ್ಟುಡಿಯೋ. ಹೊಡೆಯೋಣ ಅಂದರೆ ಕ್ಯಾಮೆರಾದಲ್ಲಿ, ಗಾಬರಿ ಬೇಡಿ. ಮೊಳದುದ್ದದ ಲೆನ್ಸನ್ನು ಒಂದು ದಿನಕ್ಕೆ ಬಾಡಿಗೆಗೆ ತಂದಿದ್ದ. ಅದರ ಬಾಡಿಗೆಯಲ್ಲಿ ನಾವು ನಾಲ್ಕೂ ಜನ ಒಂದು ವಾರ ಬಿರಿಯಾನಿ ತಿನ್ನಬಹುದಿತ್ತು!

ಬೆಂಗಳೂರಿನ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ನಸುಕಿನ ಬಸ್ಸು ಹಿಡಿದೆವು. ಐವತ್ತು ಕಿಲೋಮೀಟರ್ ದಾರಿ. ರಾಮನಗರದಲ್ಲಿ ಇಳಿದು ತಟ್ಟೆ ಇಡ್ಲಿ ಹೊಡೆದು, ಆಟೋ ಹತ್ತಿ ರಾಮದೇವರ ಬೆಟ್ಟದ ಬುಡ ಸೇರುವಾಗ ಮಂಜು ಇನ್ನೂ ಬಂಡೆಗಳ ಸೊಂಟಕ್ಕೆ ಸುತ್ತಿಕೊಂಡಿತ್ತು.

ಇನ್ನೂರೈವತ್ತು ಕೋಟಿ ವರ್ಷದ ಸೆಟ್

ಏನು ಬಂಡೆಗಳು ಸ್ವಾಮಿ! ಒಂದರ ಹೆಗಲ ಮೇಲೆ ಇನ್ನೊಂದು ಕೈ ಇಟ್ಟು ನಿಂತ ಹಾಗೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅದೇ ಹೆಸರಿನಲ್ಲಿ ಈ ಕಲ್ಲನ್ನು ಭೂವಿಜ್ಞಾನಿಗಳು ಇವತ್ತಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ.

ರಮೇಶ್ ಸಿಪ್ಪಿ ಇಲ್ಲಿಗೆ ಬಂದದ್ದು ನಿನ್ನೆ ಮೊನ್ನೆ ಎನ್ನಬೇಕು. 1973ರ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರು. ಈ ಗುಡ್ಡಗಳ ಮಡಿಲಲ್ಲಿ ‘ರಾಮಗಢ’ವೆಂಬ ಇಡೀ ಹಳ್ಳಿಯ ಸೆಟ್ ಎದ್ದಿತು. ಸಿನಿಮಾ ತೆರೆಗೆ ಬಂದದ್ದು 1975ರ ಆಗಸ್ಟ್ 15ಕ್ಕೆ. ಆ ಮೇಲೆ ಇಂಗ್ಲೆಂಡಿನ ಡೇವಿಡ್ ಲೀನ್ ಕೂಡ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗಾಗಿ ಇದೇ ಸೀಮೆಯ ಬಂಡೆಗಳನ್ನು ಹುಡುಕಿಕೊಂಡು ಬಂದರು.

ಆದರೆ ಇಲ್ಲಿನ ಖಾಯಂ ಕಲಾವಿದರು ಬೇರೆ. ಉದ್ದಕೊಕ್ಕಿನ ರಣಹದ್ದುಗಳು! ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಏಳು ಅಡಿ. ಮರದ ಮೇಲಲ್ಲ, ಕಡಿದಾದ ಬಂಡೆಯ ಸಂದಿನಲ್ಲಿ ಗೂಡು. ಅವುಗಳಿಗಾಗಿಯೇ 2012ರಲ್ಲಿ ಈ ಬೆಟ್ಟದ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿದರು. ದೇಶದಲ್ಲೇ ಇಂಥದ್ದು ಮೊದಲನೆಯದು.

‘ಎದುರಿನ ಬಂಡೆ ನೋಡ್ರಿ, ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಗೆರೆ ಕಾಣ್ತದಲ್ಲ, ಅದು ಹದ್ದಿನ ಹಿಕ್ಕೆ. ಅಲ್ಲೇ ಅವುಗಳ ಮನೆ’ ಅಂದ ಮೇಷ್ಟ್ರು.

ನಾಲ್ಕೂ ಜನ ಮೆಟ್ಟಿಲು ಹತ್ತಿ, ಲೆನ್ಸ್ ಏರಿಸಿ, ಉಸಿರು ಬಿಗಿಹಿಡಿದು ಕೂತೆವು.

ಜೂನಿಯರ್ ಆರ್ಟಿಸ್ಟುಗಳೇ ಎಲ್ಲ!

ಏಳು ಗಂಟೆ. ಎಂಟು. ಒಂಬತ್ತು.

‘ಬಂತು, ಬಂತು!’ ಅಂತ ಗಬ್ಬರ್ ಕೂಗಿದ. ಸ್ಟುಡಿಯೋ ಪಟಪಟ ನಲವತ್ತು ಫೋಟೋ ತೆಗೆದ. ಮೇಷ್ಟ್ರು ದುರ್ಬೀನು ಇಳಿಸಿ ಹೇಳಿದ: ‘ಮಾಮೂಲಿ ಹದ್ದು ಕಣ್ರೋ. ನಿಮ್ಮ ಮನೆ ಹಿಂದಿನ ಕೋಳಿ ಅಂಗಡಿ ಮೇಲೂ ಸುತ್ತುತ್ತೆ.’

ಆಮೇಲೆ ಬಂದದ್ದು ಕಾಗೆ. ಅದಾದ ಮೇಲೆ ಮೈನಾ. ನಡುವೆ ಒಂದು ಹಳದಿ ಕತ್ತಿನ ಪಿಕಳಾರ ಪೊದೆಯಿಂದ ಇಣುಕಿ ಹೋಯಿತು. ಅದೂ ಅಪರೂಪದ ಹಕ್ಕಿಯೇ, ಇಂಥ ಕಲ್ಲುಗುಡ್ಡ ಬಿಟ್ಟರೆ ಬೇರೆಡೆ ಸಿಗದು ಅಂತ ಮೇಷ್ಟ್ರು ಕುಣಿದಾಡಿದ. ಅಷ್ಟರಲ್ಲಿ ನಮ್ಮ ಬನ್ನಿನ ಪೊಟ್ಟಣ ಕೋತಿಯ ಪಾಲಾಗಿತ್ತು. ಅದು ಎತ್ತರದ ಕಲ್ಲಿನ ಮೇಲೆ ಕೂತು ನಮ್ಮನ್ನೇ ನೋಡುತ್ತಾ ಬನ್ನು ತಿಂದ ಠೀವಿ ನೋಡಬೇಕಿತ್ತು. ಗಬ್ಬರ್ ತನ್ನ ಪಾತ್ರ ಬಿಟ್ಟುಕೊಟ್ಟು ಕೈಮುಗಿದ.

ಹತ್ತೂವರೆಯಾದರೂ ಹೀರೋ ಸುಳಿವಿಲ್ಲ. ಬಂಡೆ ಬಿಸಿಯಾಗಿ, ಗಾಳಿ ಮೇಲೇಳುವ ಹೊತ್ತಿಗೆ ರಣಹದ್ದು ಹೊರಡುತ್ತದಂತೆ. ಬಂಡೆ ಕಾದಿತು. ಗಾಳಿ ಎದ್ದಿತು. ಆಕಾಶ ಖಾಲಿ.

‘ಲೆನ್ಸ್ ದುಡ್ಡು ಯಾರ್ ಕೊಡ್ತಾರೆ?’ ಅಂತ ಸ್ಟುಡಿಯೋ ಮುಖ ಊದಿಸಿದ. ಕೆಳಗಿಳಿದು ಟೀ ಕುಡಿಯಲು ಕೂತಾಗ, ಪಕ್ಕದ ಕಲ್ಲುಬೆಂಚಿನ ಹಿರಿಯರೊಬ್ಬರು ನಮ್ಮ ಜೋಲುಮುಖ ನೋಡಿ ನಕ್ಕರು.

‘ಹದ್ದು ನೋಡಕ್ಕೆ ಬಂದ್ರಾ? ಸಿನಿಮಾದೋರು ಬಂದಾಗ ನಾನು ಹತ್ತು ವರ್ಷದ ಹುಡ್ಗ. ಇಸ್ಕೂಲು ತಪ್ಸಿ ಶೂಟಿಂಗ್ ನೋಡಕ್ಕೆ ಓಡೋಗ್ತಿದ್ವಿ. ಆಗ ತಲೆ ಮೇಲೆಲ್ಲ ಅವೇ ಸುತ್ತುತಿದ್ದೋ. ಯಾರ್ ನೋಡ್ತಿದ್ರು ಸ್ವಾಮಿ? ಎಲ್ರೂ ಕೆಳಗೆ ಧರ್ಮೇಂದ್ರನ್ನ ನೋಡ್ತಾ ನಿಂತಿದ್ವಿ.’

ನಮ್ಮ ನಗು ಅಲ್ಲಿಗೆ ನಿಂತಿತು.

ಕೊಂದವನು ವಿಲನ್ ಅಲ್ಲ

ಎಲ್ಲಿ ಹೋದವು? ಬೇಟೆಯಾಡಿ ಮುಗಿಸಿದರೇ? ಇಲ್ಲ. ಮೇಷ್ಟ್ರು ಹೇಳಿದ ಕಥೆಯನ್ನು ಯಾವ ಚಿತ್ರಕಥೆಗಾರನೂ ಊಹಿಸಲಾರ.

ದನಕ್ಕೆ ಕಾಲುನೋವು, ಜ್ವರ, ಬಾವು ಬಂದರೆ ಕೊಡುತ್ತಿದ್ದ ಔಷಧ ಡೈಕ್ಲೋಫೆನಾಕ್. ಅಗ್ಗ, ಬೇಗ ಕೆಲಸ ಮಾಡುತ್ತದೆ. ಮದ್ದು ಕೊಟ್ಟ ಒಂದೆರಡು ದಿನದಲ್ಲೇ ದನ ಸತ್ತರೆ ಅದರ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿಗೆ ಮೂತ್ರಪಿಂಡ ಕೈಕೊಟ್ಟು ಕೆಲವೇ ದಿನದಲ್ಲಿ ಸಾವು. ಕೊಳೆತ ಹೆಣವನ್ನೂ ಅರಗಿಸಿಕೊಳ್ಳುವ ಹೊಟ್ಟೆ ಅದರದು. ಆದರೆ ನಮ್ಮ ಒಂದು ಸೂಜಿಮದ್ದನ್ನು ಅರಗಿಸಿಕೊಳ್ಳಲು ಆಗಲಿಲ್ಲ. ಒಂದು ಹೆಣಕ್ಕೆ ಹತ್ತಾರು ಹದ್ದು ಮುತ್ತುವುದರಿಂದ, ನೂರು ಹೆಣದಲ್ಲಿ ಒಂದರಲ್ಲಿ ವಿಷವಿದ್ದರೂ ಸಾಕಾಯಿತು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೋದದ್ದು ತುಂಬುವುದು ಹೇಗೆ?

1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ 999 ಹೋದವು. ಉದ್ದಕೊಕ್ಕಿನವುಗಳಲ್ಲಿ ನೂರಕ್ಕೆ 97. ಕಾರಣ ಜಗತ್ತಿಗೆ ಗೊತ್ತಾದದ್ದು 2004ರಲ್ಲಿ. ದನಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಷ್ಟೇ ಅಪಾಯದ ಅಸಿಕ್ಲೋಫೆನಾಕ್, ಕೀಟೋಪ್ರೊಫೆನ್‌ಗಳಿಗೆ 2023ರಲ್ಲಿ ಬಾಗಿಲು ಹಾಕಿದರು.

ಕೇಳುತ್ತಾ ಕೂತ ನನಗೆ ನಮ್ಮ ಹಟ್ಟಿಯ ಗೌರಿ ಹಸು ಕಣ್ಣಮುಂದೆ ಬಂತು. ನಾನಾಗ ಆರೇಳು ವರ್ಷದವನು. ಕಾಲು ಊದಿ ಮಲಗಿದ್ದ ಹಸುವಿಗೆ ಅಪ್ಪ ಸಾಲ ಮಾಡಿ ಸೂಜಿ ಹಾಕಿಸಿದ್ದ. ಆದರೂ ಉಳಿಯಲಿಲ್ಲ. ಊರಾಚೆ ಹಳ್ಳಕ್ಕೆ ಎಳೆದು ಹಾಕಿ ಬಂದ ಅಪ್ಪ, ಮೂರು ದಿನ ಬಿಟ್ಟು ಮೂಗು ಮುಚ್ಚಿಕೊಂಡು ಅಂದಿದ್ದ: ‘ಇದೇನು, ಒಂದು ಹದ್ದೂ ಬರಲಿಲ್ಲ. ಬರೀ ನಾಯಿ.’ ಯಾವ ಸೂಜಿಯೋ ನನಗೆ ಗೊತ್ತಿಲ್ಲ. ಆದರೆ ಊರೂರಲ್ಲಿ ಅಪ್ಪನಂಥವರೇ, ದನದ ನೋವು ನೋಡಲಾರದೆ, ಕೈಲಿದ್ದ ಕಾಸು ಕೊಟ್ಟು ಹಾಕಿಸಿದ್ದು. ಕೇಡು ಬಯಸಿದವರು ಯಾರೂ ಇಲ್ಲ!

ಸಿನಿಮಾದಲ್ಲಿ ರಣಹದ್ದು ಬಂತೆಂದರೆ ನಮಗೆ ಸಾವಿನ ಸೂಚನೆ. ಹಿನ್ನೆಲೆಯಲ್ಲಿ ಕಿರ್ರ್ ಎಂಬ ಸಂಗೀತ. ಊರಿನ ಕೊಳೆ ತೆಗೆದು ರೋಗ ತಡೆಯುತ್ತಿದ್ದವನಿಗೆ ನಾವು ಕೊಟ್ಟದ್ದು ಸದಾ ವಿಲನ್ ಪಾರ್ಟು. ಸೀತೆಗಾಗಿ ರಾವಣನನ್ನು ತಡೆದು ರೆಕ್ಕೆ ಕಳೆದುಕೊಂಡ ಜಟಾಯುವಿನ ವಂಶ ಅಂತ ನೆನಪಾಗಲೇ ಇಲ್ಲ. ಅದೂ ರಾಮದೇವರ ಬೆಟ್ಟದಲ್ಲಿ!

ಕೊನೆಯ ರೀಲು

ನಾಲ್ಕು ಗಂಟೆಗೆ ಮತ್ತೆ ಹತ್ತಿದೆವು. ಬೆಳಿಗ್ಗೆಯ ಗಲಾಟೆ ಇರಲಿಲ್ಲ. ಗಬ್ಬರ್ ಕೂಡ ಬಾಯಿಬಿಡಲಿಲ್ಲ.

ಸೂರ್ಯ ಇಳಿಯುತ್ತಿದ್ದಾಗ, ದೂರದ ಬಂಡೆಯ ಹಿಂದಿನಿಂದ ಒಂದು ಕಪ್ಪು ಹಲಗೆ ತೇಲಿಬಂದ ಹಾಗೆ ಬಂತು. ರೆಕ್ಕೆ ಬಡಿಯಲಿಲ್ಲ. ಗಾಳಿಯ ಮೇಲೆ ಒರಗಿಕೊಂಡು ಒಂದು ಸುತ್ತು, ಎರಡು ಸುತ್ತು. ಬೋಳು ಕತ್ತು ಬಾಗಿಸಿ ಕೆಳಗೆ ನೋಡಿತು. ಆ ಬೆಳ್ಳನೆ ಗೆರೆಯ ಸಂದಿನಲ್ಲಿ ಇಳಿದು ಕೂತಿತು. ಅಷ್ಟೇ.

ಮೇಷ್ಟ್ರ ಕಣ್ಣಲ್ಲಿ ನೀರು. ಸ್ಟುಡಿಯೋ ಎರಡೇ ಫೋಟೋ ತೆಗೆದ. ಒಂದು ಅಲುಗಿತ್ತು. ಇನ್ನೊಂದರಲ್ಲಿ ಕಡಲೆಕಾಳಿನಷ್ಟು ಹದ್ದು, ಉಳಿದದ್ದೆಲ್ಲ ಬಂಡೆ. ಲೆನ್ಸ್ ದುಡ್ಡಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ನಿಮ್ಮ ಮನೆಯಲ್ಲಿ ಹಸು, ಎಮ್ಮೆ ಇದೆಯೇ? ನೋವಿನ ಸೂಜಿ ಹಾಕಿಸುವಾಗ ‘ಮೆಲಾಕ್ಸಿಕ್ಯಾಮ್ ಕೊಡಿ ಸಾರ್’ ಅಂತ ಡಾಕ್ಟರನ್ನು ಕೇಳಿ. ದನಕ್ಕೂ ನೋವು ಇಳಿಯುತ್ತದೆ, ಹದ್ದಿಗೂ ಅಪಾಯವಿಲ್ಲ. ಇಷ್ಟು ಕೇಳಲು ಪಿಯುಸಿಯೂ ಬೇಕಿಲ್ಲ, ನನ್ನನ್ನೇ ನೋಡಿ!

ರಾತ್ರಿ ಬಸ್ಸಿನಲ್ಲಿ ಆ ಫೋಟೋವನ್ನು ಅಪ್ಪನ ಮೊಬೈಲಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಂತು. ತುಂಬಾ ಹೊತ್ತು ನೋಡಿರಬೇಕು.

‘ಒಂದೇನಾ?’ ಅಂದ ಅಪ್ಪ. ‘ನಮ್ಮ ಕಾಲದಲ್ಲಿ ಎಣಿಸ್ತಾನೇ ಇರ್ಲಿಲ್ಲ ಕಣೋ.’