ಮುಳುಗುವವನಿಗೆ ಸಲಹೆ

ಲೋಕದಲ್ಲಿ ಬೇಡಿದರೂ ಬೇಡದಿದ್ದರೂ ಧಾರಾಳವಾಗಿ ದೊರೆಯುವುದೆಂದರೆ ಸಲಹೆ. ಕೊಡೆ ಕೊಳ್ಳಲು ಹೊರಟವನಿಗೆ ದಾರಿಯಲ್ಲಿ ನಾಲ್ವರು ಸಿಕ್ಕಿ ನಾಲ್ಕು ಅಂಗಡಿಗಳ ಹೆಸರು ಹೇಳುತ್ತಾರೆ. ಅವರ ಮಾತು ಹುಸಿಯಾದರೆ ಹೆಚ್ಚೆಂದರೆ ಕೊಂಡವನ ಭುಜ ತೋಯುತ್ತದೆ. ಮನೆಗೆ ಬಂದು ತಲೆ ಒರೆಸಿಕೊಂಡರೆ ಮುಗಿಯಿತು. ಆದರೆ ಕಡಲಿನೊಳಕ್ಕೆ ಇಳಿಯಹೊರಟವನು ಯಾವ ಸಲಕರಣೆ ಕೊಳ್ಳಲಿ ಎಂದು ಕೇಳಿದಾಗ ಆಡುವ ಮಾತು ಆ ಬಗೆಯದಲ್ಲ. ಅದು ಕೇಳಿದವನೊಡನೆ ನೀರಿಗಿಳಿಯುತ್ತದೆ. ಹೇಳಿದವನು ಮಾತ್ರ ದಡದಲ್ಲೇ ಉಳಿಯುತ್ತಾನೆ.

ಸ್ಕೂಬಾ ಎಂಬುದು ಇಂಗ್ಲಿಷಿನ ಐದು ಪದಗಳ ಮೊದಲಕ್ಷರಗಳಿಂದಾದ ಹೆಸರು. ಮುಳುಗುವವನು ತನ್ನ ಉಸಿರನ್ನು ತಾನೇ ಹೊತ್ತೊಯ್ಯುವ ಸಾಧನ ಎಂಬುದು ಅದರ ತಾತ್ಪರ್ಯ. ಬೆನ್ನ ಮೇಲಿನ ಸಿಲಿಂಡರನ್ನು ಜನರು ಆಮ್ಲಜನಕದ ಸಿಲಿಂಡರೆಂದು ಕರೆಯುವುದುಂಟು. ಅದು ತಪ್ಪು. ಸಾಮಾನ್ಯವಾಗಿ ಅದರಲ್ಲಿರುವುದು ಎಲ್ಲರೂ ಉಸಿರಾಡುವ ಗಾಳಿಯೇ. ಒತ್ತಿ ತುಂಬಿದೆ, ಅಷ್ಟೆ. ಶುದ್ಧ ಆಮ್ಲಜನಕವಾದರೋ ಆರೇಳು ಮೀಟರಿಗಿಂತ ಕೆಳಗೆ ವಿಷವಾಗಿ ಪರಿಣಮಿಸಬಲ್ಲದು. ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಒಂದು ವಾಯುಮಂಡಲದಷ್ಟು ಏರುತ್ತ ಹೋಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2400 ಲೀಟರ್ ಗಾಳಿ ಹಿಡಿಸುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ನೆಲದ ಮೇಲೆ ಅದು ಎರಡು ಗಂಟೆ ಬಂದೀತು. 20 ಮೀಟರ್ ಆಳದಲ್ಲಿ ನಲವತ್ತೇ ನಿಮಿಷ. ಅದರಲ್ಲೂ ಮೇಲೇರಿ ಬರಲು ಒಂದಷ್ಟನ್ನು ಉಳಿಸಿಕೊಳ್ಳಬೇಕು. ಭಯದಿಂದ ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲಕ್ಕೆ ನುಗ್ಗಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಸಲಕರಣೆ ಕೆಟ್ಟಿತೆಂದು ಅಲ್ಲಿಂದ ಓಡಿಬರುವಂತಿಲ್ಲ.

ಇಂದು ಬಳಕೆಯಲ್ಲಿರುವ ಸಾಧನದ ಮೂಲರೂಪವನ್ನು 1943ರಲ್ಲಿ ಸಿದ್ಧಪಡಿಸಿದವರು ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾನ್ ರೂಪಿಸಿದ್ದ ಕವಾಟವೇ ಅದಕ್ಕೆ ಆಧಾರ. ಪ್ಯಾರಿಸಿನ ಬಳಿ ಮಾರ್ನ್ ನದಿಯ ತಣ್ಣೀರಿನಲ್ಲಿ ಕುಸ್ತೋ ಅದನ್ನು ಪರೀಕ್ಷಿಸಿದರು. ಅಡ್ಡವಾಗಿ ಈಜುವಾಗ ಉಸಿರು ಸರಾಗವಾಗಿ ಬಂದಿತು. ನೆಟ್ಟಗೆ ನಿಂತಾಗ ಗಾಳಿ ವ್ಯರ್ಥವಾಗಿ ಗುಳುಗುಳು ಹರಿದುಹೋಯಿತು. ತಲೆಕೆಳಗಾದಾಗ ಉಸಿರೆಳೆಯುವುದೇ ದುಸ್ತರವಾಯಿತು. ಅರ್ಧ ಗೆಲುವನ್ನೇ ಪೂರ್ಣ ಗೆಲುವೆಂದು ಹೊಗಳಿ ಮನೆಗೆ ಹೋಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ದೋಷವನ್ನು ದೋಷವೆಂದೇ ಆಡಿಕೊಂಡು ಮರಳುವ ದಾರಿಯಲ್ಲೇ ಕಾರಣವನ್ನು ಕಂಡುಹಿಡಿದರು: ಗಾಳಿ ಒಳಬರುವ ಬಾಯಿ, ಹೊರಹೋಗುವ ಬಾಯಿ ಎರಡೂ ಒಂದೇ ಮಟ್ಟದಲ್ಲಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ಆ ವರ್ಷದ ಬೇಸಿಗೆಯಲ್ಲಿ ಸಾಧನವು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯಿತು.

ಆ ಸಾಧನದ ಸಂತತಿ ಈಗ ಕನ್ನಡ ಕರಾವಳಿಗೂ ಬಂದಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಎಂಬ ನಡುಗಡ್ಡೆ ಸಿಗುತ್ತದೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅಲ್ಲಿನ ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ಕಾಣಲು ಜನ ಮುಳುಗುತ್ತಾರೆ. ಶಿರಸಿಯ ಕಡೆಯ ತರುಣನೊಬ್ಬನು ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆಂದು ಹೊರಟನೆಂದು ಭಾವಿಸೋಣ. ಸುದ್ದಿ ಹಬ್ಬಿದೊಡನೆ ಅವನ ಮನೆ ಸಲಹೆಗಾರರ ಸಭೆಯಾಗುತ್ತದೆ.

ಕೆರೆಯಲ್ಲಿ ಈಜಿ ಹೆಸರು ಪಡೆದ ಗೆಳೆಯನು, "ಈಜುವ ಕನ್ನಡಕ ಸಾಕು ಮಾರಾಯ, ದುಡ್ಡು ಯಾಕೆ ಹಾಳು?" ಎನ್ನುತ್ತಾನೆ. ಅವನ ಸ್ನೇಹ ನಿಜ, ಮಾತು ಅಪಾಯ. ಈಜುವ ಕನ್ನಡಕದಲ್ಲಿ ಮೂಗು ಹೊರಗಿರುತ್ತದೆ. ಆಳಕ್ಕಿಳಿದಂತೆ ಕನ್ನಡಕವು ಕಣ್ಣನ್ನು ಹೀರತೊಡಗುತ್ತದೆ. ಒಳಗೆ ಗಾಳಿ ಬಿಟ್ಟು ಅದನ್ನು ಸಡಿಲಿಸಲು ಮೂಗಿನಿಂದಲ್ಲದೆ ಬೇರೆ ದಾರಿಯಿಲ್ಲ. ಮುಳುಗುವವರ ಮಾಸ್ಕು ಮೂಗನ್ನೂ ಮುಚ್ಚಿಕೊಂಡಿರುವುದು ಇದಕ್ಕಾಗಿಯೇ. ಸ್ಕಾಟ್ಲೆಂಡಿನಲ್ಲಿ ನೌಕರಿಯಲ್ಲಿರುವ ಭಾವನು ಏಳು ಮಿಲಿಮೀಟರ್ ದಪ್ಪದ ಉಡುಪಿಲ್ಲದೆ ನೀರಿಗೆ ಇಳಿಯಲೇಬಾರದೆಂದು ಫೋನಿನಲ್ಲಿ ಆಣೆ ಇಡುತ್ತಾನೆ. ಅವನೂ ಸುಳ್ಳುಗಾರನಲ್ಲ, ಅಲ್ಲಿನ ಚಳಿಯಲ್ಲಿ ತಾನು ನಡುಗಿದ್ದನ್ನೇ ಹೇಳುತ್ತಿದ್ದಾನೆ. ಆದರೆ ನೇತ್ರಾಣಿಯ ಬೆಚ್ಚನೆಯ ನೀರಿನಲ್ಲಿ ಅದನ್ನು ತೊಟ್ಟವನು ಬೆವರಿಯಾನು. ದಪ್ಪ ಉಡುಪು ಹೆಚ್ಚು ತೇಲುವುದರಿಂದ ಮುಳುಗಲೆಂದು ಸೊಂಟಕ್ಕೆ ಇನ್ನಷ್ಟು ಸೀಸವನ್ನೂ ಕಟ್ಟಿಕೊಂಡಾನು. ತಾನು ಕಂಡ ಕಡಲೊಂದೇ ಕಡಲೆಂದು ತಿಳಿದ ಪ್ರಾಮಾಣಿಕನಿಂದ ಆಗುವ ತೊಂದರೆ ಸಣ್ಣದಲ್ಲ. ಇನ್ನು ಎಲ್ಲವನ್ನೂ ಒಂದೇ ಕಂತೆಯಾಗಿ, ಅದೂ ಅತ್ಯಂತ ಬೆಲೆಯದನ್ನೇ ಕೊಳ್ಳೆಂದ ವ್ಯಾಪಾರಿಯ ವಿಚಾರ ಹೇಳಬೇಕಾದುದೇನೂ ಇಲ್ಲ.

ಕಡೆಗೆ ತರುಣನು ಮುರುಡೇಶ್ವರದಲ್ಲಿ ವಯಸ್ಸಾದ ಶಿಕ್ಷಕರೊಬ್ಬರನ್ನು ಕಾಣುತ್ತಾನೆ. "ಸರ್, ಏನೇನು ಕೊಳ್ಳಬೇಕು?" ಎಂದರೆ ಅವರು, "ಮೊದಲು ನೆಗಡಿ ಇದೆಯೇ ಹೇಳು ತಮ್ಮಾ" ಎನ್ನುತ್ತಾರೆ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸಮನಾಗದೆ ತಮಟೆ ಒಡೆಯಬಹುದು. ಆಗ ಯಾವ ಸಲಕರಣೆಯೂ ಉಪಯೋಗಕ್ಕೆ ಬಾರದು. ಆಮೇಲೆ ಹೇಳುತ್ತಾರೆ: "ಸಿಲಿಂಡರು, ರೆಗ್ಯುಲೇಟರು, ಉಡುಪು ಎಲ್ಲ ಕಲಿಸುವಲ್ಲಿಯೇ ಕೊಡುತ್ತಾರೆ. ಹತ್ತು ಸಲ ಮುಳುಗಿದ ಮೇಲೂ ಆಸೆ ಉಳಿದರೆ ಆಗ ಕೊಂಡರಾಯಿತು. ಈಗ ಬೇಕಾದರೆ ಮಾಸ್ಕ್ ಒಂದನ್ನು ತೆಗೆದುಕೋ. ಅದು ನಿನ್ನ ಮುಖಕ್ಕೇ ಹೊಂದಬೇಕು, ನನ್ನ ಮುಖಕ್ಕಲ್ಲ. ಮುಂದಿನ ಬೀದಿಯ ಅಂಗಡಿಯಲ್ಲಿದೆ. ಆ ಅಂಗಡಿಯಲ್ಲಿ ನಮ್ಮ ಅಣ್ಣನ ಪಾಲುಂಟು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನ ಮಾತು ಕೇಳು."

ಹೊಸದಾಗಿ ಬಂದ ಒಂದು ರೆಗ್ಯುಲೇಟರಿನ ಹೆಸರು ಹೇಳಿ ಅದು ಹೇಗೆಂದು ತರುಣನು ಕೇಳುತ್ತಾನೆ. "ಅದರಲ್ಲಿ ನಾನು ಉಸಿರಾಡಿಲ್ಲ" ಎಂದು ಅವರು ಸುಮ್ಮನಾಗುತ್ತಾರೆ. ನಲವತ್ತು ವರ್ಷ ಕಡಲಿನೊಡನೆ ಬಾಳಿದವರಿಗೆ ಆ ಮಾತು ಸುಲಭವಾಗಿರಲಾರದು.

ಅಂಗಡಿಯಲ್ಲಿ ಅವರೇ ನಿಂತು ತೋರಿಸುತ್ತಾರೆ. ಪಟ್ಟಿ ಬಿಗಿಯದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈ ಬಿಡಬೇಕು. ಬೀಳದೆ ಅಂಟಿಕೊಂಡರೆ ಅದು ಅವನದು. ಬೆಲೆಬಾಳುವ ಮೊದಲನೆಯದು ಜಾರಿ ಬೀಳುತ್ತದೆ. ಎರಡನೆಯದೂ ಅಷ್ಟೆ. ಅರ್ಧ ಬೆಲೆಯ ಮೂರನೆಯದು ಒಂದಷ್ಟು ಹೊತ್ತು ನಿಂತು, ಮೂಗಿನ ಕೆಳಗೆ ಸುಂಯ್ಯೆಂದು ಗಾಳಿ ಸೋರಿಸಿ, ಸಡಿಲವಾಗುತ್ತದೆ. ಶಿಕ್ಷಕರು ತರುಣನ ಮೀಸೆಯನ್ನು ನೋಡುತ್ತಾರೆ. ಎರಡು ವರ್ಷ ಆಸ್ಥೆಯಿಂದ ಬೆಳೆಸಿದ ಸೊಂಪಾದ ಮೀಸೆ. ಅಂಗಡಿಯವನು, "ಚೂರು ನೀರು ಬಂದರೆ ಏನಾಗ್ತದೆ ಸರ್, ಬಿಡಿ" ಎನ್ನುತ್ತಾನೆ.

"ಪಳಗಿದವನಿಗೆ ಏನೂ ಆಗದು. ಇವನಿಗೆ ಮೊದಲ ದಿನ ಮೂಗಿಗೆ ನೀರು ಬಂದರೆ ಹೆದರಿಕೆಯಾಗುತ್ತದೆ. ಹೆದರಿದವನು ಉಸಿರು ಕಟ್ಟಿ ಮೇಲಕ್ಕೆ ನುಗ್ಗುತ್ತಾನೆ" ಎಂದ ಶಿಕ್ಷಕರು ತರುಣನ ಕಡೆ ತಿರುಗಿ, "ಮೂಗಿನ ಬುಡದಲ್ಲಿ ಒಂದೆಳೆ ಕತ್ತರಿಸಿದರೆ ಸಾಕು. ಪೂರ್ತಿ ಬೋಳಿಸಬೇಕೆಂದು ನಾನು ಹೇಳಲಿಲ್ಲ" ಎನ್ನುತ್ತಾರೆ.

ತರುಣನು ಒಂದು ಕೈಯಿಂದ ಮೀಸೆ ಸವರಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಮೂರನೆಯ ಮಾಸ್ಕನ್ನು ಹಿಡಿದು, ಹತ್ತಿರದಲ್ಲಿ ಕ್ಷೌರದಂಗಡಿ ಎಲ್ಲಿದೆಯೆಂದು ಕೇಳುತ್ತಾನೆ.