ಎರಡು ಗಾಡಿಗಳ ತೌರೂರು

ಒಂದೊಂದು ಊರು ಒಂದೊಂದು ವಸ್ತುವಿನಿಂದ ಹೆಸರಾಗುವುದು ಲೋಕದಲ್ಲಿ ಎಲ್ಲೆಲ್ಲಿಯೂ ಉಂಟು. ಒಂದಕ್ಕೆ ದೇವಾಲಯ, ಇನ್ನೊಂದಕ್ಕೆ ಸೀರೆ, ಮತ್ತೊಂದಕ್ಕೆ ಬೆಣ್ಣೆ. ಇಂಗ್ಲೆಂಡಿನ ವುಸ್ಟರ್‌ಷೈರ್ ಪ್ರಾಂತದಲ್ಲಿ ಮಾಲ್ವರ್ನ್ ಎಂಬ ಬೆಟ್ಟದ ಊರಿದೆ. ಅದಕ್ಕೆ ಮೊದಲು ಹೆಸರು ಬಂದದ್ದು ನೀರಿನಿಂದ. ಆಮೇಲೆ ಒಂದು ಮೋಟಾರು ಗಾಡಿಯಿಂದ. ಜಪಾನಿನ ಹಿರೋಷಿಮಾ ನಗರದ ಹೆಸರನ್ನು ಕೇಳದವರಿಲ್ಲ. ಆದರೆ ಅದೂ ಒಂದು ಮೋಟಾರು ಗಾಡಿಯ ತೌರೂರೆಂಬುದನ್ನು ಬಲ್ಲವರು ಕಡಮೆ. ಈ ಎರಡು ಊರುಗಳನ್ನೂ ಒಂದೇ ವರ್ಷದಲ್ಲಿ ನೋಡುವ ಅವಕಾಶ ನನಗೆ ಒದಗಿತು. ಒಂದರಿಂದ ಇನ್ನೊಂದಕ್ಕೆ ನನ್ನನ್ನು ಕರೆದೊಯ್ದ ಕಾರಣವು ಮನೆಮಂದಿಯೆಲ್ಲ ಕೇಳಬಹುದಾದದ್ದೆಂದು ತೋರಿದುದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಹೊರಟರೆ ಒಂದು ಗಂಟೆಯ ಪ್ರಯಾಣ. ಸಮತಟ್ಟಾದ ಹೊಲಗದ್ದೆಗಳ ನಡುವೆ ಗೋಡೆಯೆದ್ದಂತೆ ಉತ್ತರ ದಕ್ಷಿಣವಾಗಿ ಸುಮಾರು 13 ಕಿಲೋಮೀಟರು ಉದ್ದದ ಬೆಟ್ಟಸಾಲು ಕಾಣುವುದು. ಅದರ ಅತ್ಯುನ್ನತ ಶಿಖರವು 425 ಮೀಟರು. ನಮ್ಮ ಮಲೆನಾಡಿನವರ ಕಣ್ಣಿಗೆ ಅದು ಗುಡ್ಡವೇ ಸರಿ. ಆದರೆ ತುದಿಯ ಮೇಲೆ ನಿಂತು ನೋಡಿದರೆ ಪೂರ್ವಕ್ಕೆ ಸೆವರ್ನ್ ನದಿಯ ಬಯಲು, ಪಶ್ಚಿಮಕ್ಕೆ ಹೆರಿಫರ್ಡ್ ಸೀಮೆಯ ಸೇಬಿನ ತೋಟಗಳು, ಅದರಾಚೆಗೆ ವೇಲ್ಸಿನ ನೀಲಿ ಬೆಟ್ಟಗಳು. ಇಲ್ಲಿನ ಬುಗ್ಗೆಗಳ ನೀರು ಬಹು ನಿರ್ಮಲವಾದದ್ದು. 1842ರಲ್ಲಿ ಇಬ್ಬರು ವೈದ್ಯರು ಇಲ್ಲಿ ಜಲಚಿಕಿತ್ಸೆಯನ್ನು ಆರಂಭಿಸಿದ ಮೇಲೆ ರೋಗಿಗಳು ದೇಶದ ಎಲ್ಲ ಕಡೆಗಳಿಂದಲೂ ಬರತೊಡಗಿದರು. ಚಾರ್ಲ್ಸ್ ಡಾರ್ವಿನ್ ತನ್ನ ಮುದ್ದುಮಗಳು ಆನಿಯನ್ನು ಕರೆತಂದದ್ದು ಇಲ್ಲಿಗೆ. ಹತ್ತು ವರ್ಷದ ಆ ಮಗು 1851ರಲ್ಲಿ ಇಲ್ಲಿಯೇ ತೀರಿಕೊಂಡಳು. ಹಳೆಯ ಇಗರ್ಜಿಯ ಅಂಗಳದಲ್ಲಿರುವ ಅವಳ ಚಿಕ್ಕ ಗೋರಿಯ ಮುಂದೆ ಈಗಲೂ ಪ್ರವಾಸಿಗಳು ಒಂದು ನಿಮಿಷ ನಿಲ್ಲುತ್ತಾರೆ.

ಈ ಊರಿನ ಒಂದು ಮಗ್ಗುಲಲ್ಲಿ ಮಾಲ್ವರ್ನ್ ಲಿಂಕ್ ಎಂಬ ಬಡಾವಣೆಯಿದೆ. ಎಚ್. ಎಫ್. ಎಸ್. ಮಾರ್ಗನ್ ಎಂಬ ಪಾದ್ರಿಯ ಮಗನು 1905ರಲ್ಲಿ ಇಲ್ಲಿ ಮೋಟಾರು ದುರಸ್ತಿಯ ಅಂಗಡಿಯೊಂದನ್ನು ತೆರೆದನು. 1909ರಲ್ಲಿ ತನ್ನ ಸವಾರಿಗಾಗಿ ಮೂರು ಚಕ್ರದ ಹಗುರವಾದ ಗಾಡಿಯೊಂದನ್ನು ಕಟ್ಟಿದನು. ಮರುವರ್ಷ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟನು. ನಾಲ್ಕು ಚಕ್ರದ ಮಾರ್ಗನ್ ಗಾಡಿ ಹೊರಟದ್ದು 1936ರಲ್ಲಿ. ಅಂದು ಆ ಗಾಡಿಗೆ ಹಾಕಿದ ಉಕ್ಕಿನ ಅಡಿಚೌಕಟ್ಟಿನ ಬಗೆಯು 2020ರವರೆಗೆ, ಎಂದರೆ 84 ವರ್ಷ, ತಯಾರಾಗುತ್ತಲೇ ಇತ್ತೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು? ಈಗಿನ ಅಡಿಚೌಕಟ್ಟು ಅಲ್ಯೂಮಿನಿಯಮ್ಮಿನದು. 2019ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಾರ್ಗನ್ ಮನೆತನದ ಕೈಯಿಂದ ಹೊರಗಿನ ಬಂಡವಾಳಗಾರರಿಗೆ ಹೋಯಿತು. ಆದರೆ ಮೇಲಿನ ಒಡಲಿಗೆ ಮರದ ಹಂದರ ಕಟ್ಟುವುದು ನಿಂತಿಲ್ಲ.

ಕಾರ್ಖಾನೆಯು ಪಿಕರ್ಸ್ಲೀ ರಸ್ತೆಯ ಇಳಿಜಾರಿನಲ್ಲಿ ಸಾಲಾಗಿ ನಿಂತ ಕೆಂಪಿಟ್ಟಿಗೆಯ ಕೊಟ್ಟಿಗೆಗಳ ಸಮೂಹ. ಹಣ ಕೊಟ್ಟು ಚೀಟಿ ಪಡೆದವರಿಗೆ ಒಳಗೆಲ್ಲ ತೋರಿಸುತ್ತಾರೆ. ಬಾಗಿಲು ದಾಟಿದೊಡನೆ ಮೂಗಿಗೆ ಬಡಿಯುವುದು ಎಣ್ಣೆಯ ವಾಸನೆಯಲ್ಲ, ಹೊಸದಾಗಿ ಕೊಯ್ದ ಮರದ ವಾಸನೆ. ಆಶ್ ಎಂಬ ಈ ಮರವನ್ನು ನಮ್ಮ ಹುಡುಗರೂ ಬಲ್ಲರು. ಕ್ರಿಕೆಟ್ ಆಟದ ಗೂಟಗಳನ್ನು ಮಾಡುವುದು ಇದರಿಂದಲೇ. ತೆಳುವಾದ ಮೂರು ಪದರಗಳನ್ನು ಅಂಟು ಹಚ್ಚಿ ಅಚ್ಚಿನಲ್ಲಿ ಬಿಗಿದು, ಹಿಂದಿನ ಚಕ್ರದ ಮೇಲೆ ಬರುವ ಕಮಾನನ್ನು ಬಾಗಿಸುತ್ತಾರೆ. ಒಬ್ಬನು ಉಳಿಯಿಂದ ಕೀಲು ಕೂಡಿಸುತ್ತಾನೆ. ಇನ್ನೊಬ್ಬನು ತಗಡನ್ನು ಮರದ ಮೇಲಿಟ್ಟು, ತೆಗೆದು, ತುಸು ಉಜ್ಜಿ, ಮತ್ತೆ ಇಡುತ್ತಾನೆ. ಅರ್ಧ ಮುಗಿದ ಗಾಡಿಯನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಕೈಯಿಂದಲೇ ನೂಕಿಕೊಂಡು ಹೋಗುತ್ತಾರೆ. ತೇರು ಕಟ್ಟುವ ನಮ್ಮ ಬಡಗಿಗೆ ಇಲ್ಲಿ ಭಾಷೆ ತಿಳಿಯದಿದ್ದರೂ ಕೆಲಸವು ತಿಳಿದೀತು. ವರ್ಷಕ್ಕೆ ಹೊರಡುವ ಗಾಡಿಗಳು ಒಂದು ಸಾವಿರಕ್ಕಿಂತ ಕಡಮೆ. 1990ರಲ್ಲಿ ಸರ್ ಜಾನ್ ಹಾರ್ವೀ-ಜೋನ್ಸ್ ಎಂಬ ಹೆಸರಾಂತ ಉದ್ಯಮಿಯು ಇದನ್ನೆಲ್ಲ ನೋಡಿ, ಕೆಲಸದ ಕ್ರಮವನ್ನು ಹೊಸದು ಮಾಡಿ ಉತ್ಪತ್ತಿಯನ್ನು ಹೆಚ್ಚಿಸಬೇಕೆಂದು ಟೆಲಿವಿಷನ್ನಿನಲ್ಲಿ ಹೇಳಿದನು. ಮನೆತನದವರು ಆ ಮಾತಿಗೆ ಒಪ್ಪಲಿಲ್ಲ. ಗಾಡಿಗಾಗಿ ವರ್ಷಗಟ್ಟಲೆ ಕಾದಿದ್ದ ಗಿರಾಕಿಗಳೂ ಕದಲಲಿಲ್ಲ.

ಹಳೆಯ ಮಾರ್ಗನ್ನಿನ ಸವಾರಿಯೆಂದರೆ ಹೇಗೆಂಬುದನ್ನು ತುಸು ಹೇಳಬೇಕು. ಆಸನವು ನೆಲಕ್ಕೆ ಬಹು ಹತ್ತಿರ. ಎದುರಿಗೆ ಉದ್ದವಾದ ಮೂತಿ, ಅದರ ಮೇಲೆ ತೊಗಲಿನ ಪಟ್ಟಿ. ಮುಂದಿನ ಚಕ್ರಗಳು ಏರಿಳಿಯುವ ಕಂಬಗಳಿಗೆ ಎಣ್ಣೆ ಹೋಗುವಂತೆ, ಹಿಂದಿನ ಮಾದರಿಗಳಲ್ಲಿ ಚಾಲಕನೇ ಆಗಾಗ ಕಾಲಿನಿಂದ ಒಂದು ಗುಂಡಿಯನ್ನು ಒತ್ತಬೇಕು. ಮಳೆ ಬಂದರೆ ಇಳಿದು, ಬಟ್ಟೆಯ ಮೇಲ್ಹೊದಿಕೆಯನ್ನು ಎಳೆದು ಗುಬ್ಬಿಗಳನ್ನು ಒಂದೊಂದಾಗಿ ಹಾಕಬೇಕು. ಅದನ್ನು ಮುಗಿಸುವುದರೊಳಗೆ ಮಳೆ ನಿಂತಿರುವುದೂ ಉಂಟು! ಇಂಥ ಗಾಡಿಯು ರಸ್ತೆಯಲ್ಲಿ ಬಿದ್ದ ನಾಣ್ಯದ ಮೇಲೆ ಹರಿದರೆ, ಅದರ ಯಾವ ಮುಖ ಮೇಲಿತ್ತೆಂಬುದು ಸವಾರನ ಬೆನ್ನಿಗೆ ತಿಳಿಯುವುದೆಂದು ಅವರವರಲ್ಲೇ ಹಾಸ್ಯದ ಮಾತಿದೆ. ಇದೆಲ್ಲವನ್ನೂ ದೂರೆಂದು ಹೇಳುವ ಮಾರ್ಗನ್ ಸವಾರನನ್ನು ನಾನು ಕಾಣಲಿಲ್ಲ. ರುಚಿಯೆಂದೇ ಅವರು ಹೇಳುವರು.

ನಮ್ಮ ಭಾವನವರು ಅಂಥವರಲ್ಲಿ ಒಬ್ಬರು. ಬರ್ಮಿಂಗ್‌ಹ್ಯಾಮಿನಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿ ಈಗ ವಿಶ್ರಾಂತರಾಗಿದ್ದಾರೆ. ಇಪ್ಪತ್ತೆರಡು ವರ್ಷ ಒಂದೇ ಮಾರ್ಗನ್ನನ್ನು ಮಗುವಿನಂತೆ ನೋಡಿಕೊಂಡಿದ್ದರು. ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಮಾಲ್ವರ್ನಿನ ಬೆಟ್ಟ ಸುತ್ತುವುದು ಅವರಿಗೊಂದು ವ್ರತವಾಗಿತ್ತು. ಹೀಗಿರಲಾಗಿ ಅಕ್ಕನಿಗೆ ಬೆನ್ನೆಲುಬಿನ ಬೇನೆ ಬಂದು ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮೇಲೆ ಕುಲುಕಾಟ ಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಭಾವನವರು ಕೆಲವು ತಿಂಗಳು ಒಬ್ಬರೇ ಹೋಗಿ ಬಂದರು. ಆಮೇಲೆ ಒಂದು ದಿನ ಆ ಗಾಡಿಯನ್ನು ಮಾರಿ, ಎರಡೇ ಆಸನದ ಕೆಂಪು ಮಾಜ್ದಾ ಎಂಎಕ್ಸ್-5 ಗಾಡಿಯೊಂದನ್ನು ತಂದರು.

ನಾನು ಹೋದಾಗ ಆ ಹೊಸ ಗಾಡಿಯಲ್ಲಿಯೇ ಬೆಟ್ಟದ ಪಶ್ಚಿಮದ ಮಗ್ಗುಲಲ್ಲಿರುವ ಜೂಬಿಲಿ ಡ್ರೈವ್ ಎಂಬ ದಾರಿಯಲ್ಲಿ ನನ್ನನ್ನು ಕರೆದೊಯ್ದರು. ಮೇಲ್ಹೊದಿಕೆಯನ್ನು ಕುಳಿತಲ್ಲಿಂದಲೇ ಒಂದು ಕೈಯಿಂದ ಹಿಂದಕ್ಕೆ ತಳ್ಳಿದರು. ಗೇರು ಬೆರಳು ಮುಟ್ಟಿದಷ್ಟಕ್ಕೇ ಬೀಳುತ್ತಿತ್ತು. ತಿರುವುಗಳಲ್ಲಿ ಗಾಡಿಯು ಮಾತು ಕೇಳುವ ಕರುವಿನಂತೆ ಹೊರಳುತ್ತಿತ್ತು. ಭಾವನವರ ಮುಖ ಮಾತ್ರ ಅಷ್ಟು ಗೆಲುವಾಗಿರಲಿಲ್ಲ.

“ನೋಡಯ್ಯ, ಆ ಗಾಡಿ ನನ್ನಿಂದ ಕೆಲಸ ಕೇಳುತ್ತಿತ್ತು. ಇದು ಏನನ್ನೂ ಕೇಳುವುದಿಲ್ಲ. ಅದನ್ನು ಮಾಡಿದ ಬಡಗಿಯ ಕೈ ನನಗೆ ಕಾಣುತ್ತಿತ್ತು. ಇದನ್ನು ಮಾಡಿದವರು ಯಾರು? ಯಾರಾದರೂ ಇದ್ದಾರೆಯೆ?” ಎಂದರು.

ಅಕ್ಕ ಮನೆಯಲ್ಲಿ ನನ್ನೊಡನೆ ಬೇರೆಯಾಗಿ, “ಮಾರಿದ ದಿನ ಇವರು ಸರಿಯಾಗಿ ಊಟವನ್ನೇ ಮಾಡಲಿಲ್ಲ. ನನ್ನ ದೆಸೆಯಿಂದ ಹೀಗಾಯಿತಲ್ಲ ಎಂದು ನನಗೂ ಸಂಕಟ” ಎಂದಳು. ನಾನು ಅದೇ ವರ್ಷ ಜಪಾನಿಗೆ ಹೋಗುವವನೆಂದು ತಿಳಿದಾಗ ಭಾವನವರು, ಹಿರೋಷಿಮಾಕ್ಕೆ ಹೋಗಿ ಈ ಗಾಡಿಯ ಹುಟ್ಟನ್ನು ನೋಡಿಕೊಂಡು ಬಂದು ಹೇಳಬೇಕೆಂದು ಕೇಳಿಕೊಂಡರು.

ಟೋಕಿಯೋದಿಂದ ವೇಗದ ರೈಲಿನಲ್ಲಿ ಹಿರೋಷಿಮಾಕ್ಕೆ ಸುಮಾರು ನಾಲ್ಕು ಗಂಟೆ. ಓಟಾ ನದಿಯು ಕವಲುಗಳಾಗಿ ಒಡೆದು ಸಮುದ್ರವನ್ನು ಸೇರುವೆಡೆಯಲ್ಲಿ ಊರು ಹರಡಿದೆ. ಎಲ್ಲಿ ತಿರುಗಿದರೂ ಒಂದು ಸೇತುವೆ, ಎಲ್ಲಿ ನಿಂತರೂ ಒಂದು ಟ್ರಾಮು. ಬಾಂಬಿನ ಜ್ವಾಲೆಯಲ್ಲಿ ಉಳಿದ ಗುಮ್ಮಟದ ಕಟ್ಟಡವನ್ನೂ ಶಾಂತಿವನವನ್ನೂ ಮೊದಲು ನೋಡಿದೆನು. ಅದನ್ನು ನೋಡಿದ ಮೇಲೆ ಮೋಟಾರು ಗಾಡಿಯ ವಿಚಾರವು ಬಹಳ ಸಣ್ಣದಾಗಿ ತೋರಿತು. ಆದರೆ ಈ ಊರಿನಲ್ಲಿ ಎರಡೂ ಬೇರೆ ಬೇರೆಯಾದ ಕಥೆಗಳಲ್ಲ.

ಮಾಜ್ದಾ ಕಂಪನಿಯು 1920ರಲ್ಲಿ ಹುಟ್ಟಿದ್ದು ಮರದ ತೊಗಟೆಯಿಂದ ಕಾರ್ಕು ಮಾಡುವ ಕಾರ್ಖಾನೆಯಾಗಿ. ಅದನ್ನು ಬೆಳೆಸಿದ ಮತ್ಸುದಾ ಜೂಜಿರೋ ಬಾಲ್ಯದಲ್ಲಿ ಕಮ್ಮಾರನ ಬಳಿ ಕೆಲಸ ಕಲಿತವನು. 1931ರಲ್ಲಿ ಅವನ ಕಾರ್ಖಾನೆಯಿಂದ ಮೊದಲ ವಾಹನವು ಹೊರಬಂತು. ಅದು ಸಾಮಾನು ಹೊರುವ ಮೂರು ಚಕ್ರದ ಗಾಡಿ. ಪಾದ್ರಿಯ ಮಗನು ಮಾಲ್ವರ್ನಿನಲ್ಲಿ ಮೂರು ಚಕ್ರದಿಂದ ಆರಂಭಿಸಿದಂತೆಯೇ ಕಮ್ಮಾರನ ಶಿಷ್ಯನೂ ಇಲ್ಲಿ ಮೂರು ಚಕ್ರದಿಂದಲೇ ಆರಂಭಿಸಿದನೆಂಬುದನ್ನು ಓದುಗರು ಗಮನಿಸಬೇಕು. 1945ನೆಯ ಆಗಸ್ಟ್ 6ರಂದು ಜೂಜಿರೋವಿಗೆ ಎಪ್ಪತ್ತು ತುಂಬಿತು. ಊರು ಸುಟ್ಟದ್ದು ಅದೇ ದಿನ. ಹಿಜಿಯಾಮಾ ಎಂಬ ಪುಟ್ಟ ಗುಡ್ಡವು ನಡುವೆ ಅಡ್ಡವಾಗಿದ್ದುದರಿಂದ ಕಾರ್ಖಾನೆಯ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಮನೆಮಠ ಕಳೆದುಕೊಂಡ ಪ್ರಾಂತದ ಸರ್ಕಾರಿ ಕಚೇರಿಯು ಕೆಲಕಾಲ ಅಲ್ಲಿಯೇ ನಡೆಯಿತು. ಆ ವರ್ಷದ ಡಿಸೆಂಬರ್ ತಿಂಗಳಿನಲ್ಲಿಯೇ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಆರಂಭವಾಯಿತು. ಬೂದಿಯ ನಡುವೆ ಊರು ಕಟ್ಟುವವರಿಗೆ ಮರಮುಟ್ಟು ಹೊರಲು ಗಾಡಿ ಬೇಕಲ್ಲವೆ?

ಇಂಥ ಕಾರ್ಖಾನೆಗೆ ಇಬ್ಬರು ಕುಳಿತು ವಿನೋದಕ್ಕೆ ಓಡಿಸುವ ಗಾಡಿಯ ಯೋಚನೆ ಬಂದದ್ದು ಹೇಗೆ? 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನು ಕಂಪನಿಯ ಹಿರಿಯ ಎಂಜಿನಿಯರ್ ಯಾಮಾಮೋಟೋ ಕೆನಿಚಿಯವರೊಡನೆ ಮಾತನಾಡುವಾಗ, ಇಂಗ್ಲೆಂಡಿನ ಹಗುರವಾದ ತೆರೆದ ಗಾಡಿಗಳ ಕಾಲ ಮುಗಿಯುತ್ತ ಬಂದಿದೆ, ಅಂಥದನ್ನು ನೀವು ಏಕೆ ಮಾಡಬಾರದೆಂದು ಸೂಚಿಸಿದನು. ಮರುವರ್ಷವೇ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿದ್ದ ಎಂಜಿ ಕಾರ್ಖಾನೆಯು ಮುಚ್ಚಿತು. ಹತ್ತು ವರ್ಷದ ದುಡಿಮೆಯ ಮೇಲೆ 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಎಂಎಕ್ಸ್-5 ಕಾಣಿಸಿಕೊಂಡಿತು. ಮುಖ್ಯ ಎಂಜಿನಿಯರ್ ಹಿರಾಯ್ ತೋಷಿಹಿಕೋ ಅವರು ತಮ್ಮ ಕೆಲಸಗಾರರಿಗೆ ಕೊಟ್ಟ ಮಂತ್ರವು “ಜಿಂಬಾ ಇತ್ತಾಯ್”. ಸವಾರನೂ ಕುದುರೆಯೂ ಒಂದೇ ದೇಹ ಎಂದು ಅರ್ಥ. ಗೇರಿನ ಕೋಲು ಕೈಗೆ ಹೇಗಿರಬೇಕು, ಹೊಗೆಕೊಳವೆಯ ಸದ್ದು ಕಿವಿಗೆ ಹೇಗಿರಬೇಕು ಎಂಬುದನ್ನೂ ಅವರು ವೀಣೆಗೆ ಶ್ರುತಿ ಮಾಡುವಂತೆ ತಿದ್ದಿ ತಿದ್ದಿ ನಿಶ್ಚಯಿಸಿದರು. ಇಂಗ್ಲೆಂಡಿನ ಗಾಡಿಗಳಲ್ಲಿ ತಾನಾಗಿ ಒದಗಿದ್ದ ರುಚಿಯನ್ನು ಇವರು ಬುದ್ಧಿಪೂರ್ವಕವಾಗಿ ಅಡುಗೆ ಮಾಡಿದರೆನ್ನಬಹುದು. 2016ರ ಏಪ್ರಿಲ್ ತಿಂಗಳಿನಲ್ಲಿ ಹತ್ತು ಲಕ್ಷದ ಗಾಡಿಯು ಹೊರಟಿತು.

ಮೊದಲೇ ಬರೆದು ತಿಳಿಸಿದವರಿಗೆ ಕಂಪನಿಯ ವಸ್ತುಸಂಗ್ರಹಾಲಯದಲ್ಲಿ ಪ್ರವೇಶವುಂಟು. ಅಲ್ಲಿಂದ ಊಜಿನಾ ಬಂದರಿನ ಬಳಿಯ ಕಾರ್ಖಾನೆಯಲ್ಲಿ ಗಾಡಿಗಳು ಜೋಡಣೆಯಾಗುವ ಸಾಲನ್ನೂ ಕಾಣಬಹುದು. ಇಲ್ಲಿ ಮರದ ವಾಸನೆಯಿಲ್ಲ, ಯಾರೂ ಗಾಡಿ ನೂಕುವುದಿಲ್ಲ. ದೊಡ್ಡ ಗಾಡಿ, ಚಿಕ್ಕ ಗಾಡಿ, ಎಂಎಕ್ಸ್-5 ಎಲ್ಲವೂ ಒಂದರ ಹಿಂದೆ ಒಂದು ಅದೇ ಸಾಲಿನಲ್ಲಿ ಮೆಲ್ಲನೆ ಸರಿಯುತ್ತವೆ. ಕೆಲಸಗಾರರು ಅವುಗಳೊಡನೆ ನಡೆಯುತ್ತಲೇ ತಮ್ಮ ತಮ್ಮ ತುಂಡನ್ನು ಕೂಡಿಸಿ ಹಿಂದಿರುಗುತ್ತಾರೆ.

ಹಾಗಾದರೆ ಭಾವನವರ ಪ್ರಶ್ನೆಗೆ ಉತ್ತರವೇನು? ನನಗೆ ಅದು ಎರಡು ಕಡೆ ದೊರೆಯಿತು. ಗಾಡಿಯ ಆಕಾರವನ್ನು ಮೊದಲು ರೂಪಿಸುವುದು ಜೇಡಿಮಣ್ಣಿನಲ್ಲಿ. ನಿಜಗಾತ್ರದ ಮಣ್ಣಿನ ಗಾಡಿಯನ್ನು ನುರಿತವರು ಅಂಗೈಯಿಂದ ಸವರಿ ನೋಡಿ, ಕೂದಲೆಳೆಯಷ್ಟು ಹೆರೆದು, ಮತ್ತೆ ಸವರುತ್ತಾರೆ. ಎರಡನೆಯದು ಬಣ್ಣ. ಭಾವನವರ ಗಾಡಿಯ ಆ ಆಳವಾದ ಕೆಂಪನ್ನು ಬಳಿಯುವುದು ಯಂತ್ರದ ತೋಳು, ದಿಟ. ಆದರೆ ಆ ತೋಳಿಗೆ ಕಲಿಸಿರುವುದು ಪಳಗಿದ ಬಣ್ಣಗಾರನ ಕೈಯ ಚಲನೆಯನ್ನು. ಕೈ ಇಲ್ಲದೆ ಇಲ್ಲ. ಅದು ಮೊದಲ ಗಾಡಿಯಲ್ಲಿ ತನ್ನ ಕೆಲಸವನ್ನು ಮುಗಿಸಿ ಮಿಕ್ಕವುಗಳಲ್ಲಿ ಮರೆಯಾಗಿ ನಿಂತಿದೆ.

ಇದನ್ನು ಭಾವನವರಿಗೆ ಬರೆದೆನು. ಹಳೆಯ ಗಾಡಿಯ ನೆನಪು ಇದರಿಂದ ಮಾಯವಾಗುವುದೆಂದು ನಾನು ಎಣಿಸಲಿಲ್ಲ. ಉಳಿಯ ಗುರುತುಳ್ಳ ವಸ್ತುವಿನ ಜೊತೆ ಹೆಣಗಾಡಿ ಪಡೆಯುವ ಸುಖವೇ ಬೇರೆ; ಅದಕ್ಕೆ ಸಾಟಿಯನ್ನು ಯಾವ ನಯವಾದ ಯಂತ್ರವೂ ಕೊಡಲಾರದು. ಆದರೆ ನಯವೆಂಬುದು ಒರಟಿನ ವೈರಿಯಲ್ಲ. ಅನೇಕ ವೇಳೆ ಅದು ಒರಟನ್ನು ಪ್ರೀತಿಸಿದವರೇ, ಇನ್ನೊಬ್ಬರಿಗೆ ನೋವಾಗದಂತೆ, ತಾಳ್ಮೆಯಿಂದ ತಿದ್ದಿದ ರೂಪವಾಗಿರುತ್ತದೆ. ಒಬ್ಬನೇ ಹಾಡಿಕೊಳ್ಳುವ ರಾಗಕ್ಕೂ ಮನೆಯವರೆಲ್ಲ ಕುಳಿತು ಕೇಳುವ ಹಾಡಿಗೂ ಇರುವ ಅಂತರವೇ ಇಲ್ಲಿರುವುದು.

ಇಂಗ್ಲೆಂಡಿಗೆ ಹೋಗುವ ವಾಚಕರು ಬೇಸಗೆಯ ಭಾನುವಾರ ಮಾಲ್ವರ್ನಿನ ಬೆಟ್ಟವನ್ನು ಹತ್ತಿದರೆ, ಪಶ್ಚಿಮದ ಮಗ್ಗುಲ ದಾರಿಯನ್ನು ತುಸು ಹೊತ್ತು ನೋಡುತ್ತ ಕೂರಬೇಕು. ಮಾರ್ಗನ್ನುಗಳು ಗುಡುಗುತ್ತ ಹೋಗುವುವು. ಅವುಗಳ ಹಿಂದೆಯೇ ಹಿರೋಷಿಮಾದ ಗಾಡಿಗಳೂ ಹೋಗುವುವು. ಒಂದು ಸವಾರನು ಇನ್ನೊಬ್ಬನಿಗೆ ಕೈಯೆತ್ತಿ ಮುಂದೆ ಹೋಗುವುದೂ ಕಾಣುವುದು. ದಾರಿ ಇಬ್ಬರಿಗೂ ಒಂದೇ; ಬೆಟ್ಟದ ಗಾಳಿಯೂ ಒಂದೇ.